ಶಾಲೆಯ ಗೋಡೆಗೆ ಲೇಪನ: ಮಳೆ ಒಳಬರಬಾರದು, ಪಸೆ ಒಳಗುಳಿಯಬಾರದು



ಕಾಫಿ, ಅಡಿಕೆಗಳ ಪತ್ರಿಕೆಯಲ್ಲಿ ಶಾಲೆಯ ಗೋಡೆಯ ಪ್ರಸ್ತಾಪವೇಕೆಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಊರಿನ ಶಾಲೆಗೆ ಈ ಬೇಸಿಗೆಯಲ್ಲಿ ಮತ್ತೆ ಬಣ್ಣ ಬಳಿಸಬೇಕೆಂಬ ಮಾತು ಎದ್ದಿದೆ. ಅದರ ಹಣ ಹೋಗುವುದು ನಮ್ಮ ನಿಮ್ಮೆಲ್ಲರ ಜೇಬಿನಿಂದ. ಜೂನ್‌ನಿಂದ ಆ ಗೋಡೆಗಳ ನಡುವೆ ಕೂರುವವರು ನಮ್ಮ ಮಕ್ಕಳು, ಮೊಮ್ಮಕ್ಕಳು ಮತ್ತು ತೋಟದ ಕೆಲಸಗಾರರ ಮಕ್ಕಳು. ಆದ್ದರಿಂದ ಬಣ್ಣದ ಡಬ್ಬಿ ತೆರೆಯುವ ಮೊದಲು ನಾಲ್ಕು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಹಿಂದೆ ಕಲಿತ ಪಾಠ

2019ರ ಬೇಸಿಗೆಯಲ್ಲಿ, ನೀರು ನಿಲ್ಲುತ್ತದೆಂಬ ನಂಬಿಕೆಯಿಂದ, ಇದೇ ಶಾಲೆಗೆ ಹೊಳಪಿನ ದಪ್ಪ ಬಣ್ಣವನ್ನು ಒಳಗೂ ಹೊರಗೂ ಬಳಿಸಿದೆವು. ಆ ವರ್ಷದ ಆಗಸ್ಟ್ ಮಳೆ ಎಂಥದ್ದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಗಣಪತಿ ಹಬ್ಬದ ವೇಳೆಗೆ ಪಡುವಣ ಗೋಡೆಯ ಒಳಮೈಯಲ್ಲಿ ಗುಳ್ಳೆಗಳೆದ್ದವು. ದೀಪಾವಳಿಯ ಹೊತ್ತಿಗೆ ಬಣ್ಣ ಹಪ್ಪಳದಂತೆ ಕಳಚಿ ಕಪ್ಪು ಬೂಷ್ಟು ಕಾಣಿಸಿತು. ಗೋಡೆಗೊರಗಿಸಿದ್ದ ಬೀರುವಿನ ಪುಸ್ತಕಗಳು ಮುಗ್ಗಿಹೋದವು. ದೂರಲು ಬೇರೆ ಯಾರೂ ಇರಲಿಲ್ಲ. ತೀರ್ಮಾನ ನಮ್ಮದೇ ಆಗಿತ್ತು.

ಆಮೇಲೆ ನೋಡಿದರೆ, ನೀರು ಹೊಕ್ಕಿದ್ದು ಗೋಡೆಯ ನಡುಮೈಯಿಂದಲ್ಲ, ಕಿಟಕಿಯ ಕೆಳಗಿನ ಬಿರುಕಿನಿಂದ ಮತ್ತು ತಾರಸಿಯ ಅಂಚಿನಿಂದ. ಹೊಕ್ಕ ನೀರಿಗೆ ಎರಡು ಕಡೆಯೂ ಬಣ್ಣದ ತಡೆ ಇದ್ದುದರಿಂದ ಆರಿಹೋಗಲು ದಾರಿಯೇ ಇರಲಿಲ್ಲ.

ಚಳಿದೇಶದ ಲೇಪನ

ಈ ಸಲ, ವಿದೇಶಗಳಲ್ಲಿ ಇಂಧನ ಉಳಿತಾಯದ ಶಾಲೆಗಳಿಗೆ ಬಳಸುವ, ಗಾಳಿ ಮತ್ತು ನೀರು ಎರಡನ್ನೂ ತಡೆಯುವ ಲೇಪನವನ್ನೇ ತರಿಸೋಣವೆಂದು ಕೆಲವು ಯುವ ಸದಸ್ಯರು ಸೂಚಿಸಿದ್ದಾರೆ. ಸೂಚನೆ ಮೆಚ್ಚತಕ್ಕದ್ದೇ. ಆದರೆ ಆ ಲೇಪನ ಯಾವ ಕೆಲಸಕ್ಕೆ ಹುಟ್ಟಿತೆಂಬುದನ್ನು ಮೊದಲು ತಿಳಿಯಬೇಕು.

1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ, ಕಟ್ಟಡ ಬಿಸಿಮಾಡಲು ಸುಡುವ ಇಂಧನವನ್ನು ಉಳಿಸುವುದು ಹೇಗೆಂದು ಚಳಿದೇಶಗಳು ಹೆಚ್ಚು ಗಂಭೀರವಾಗಿ ಯೋಚಿಸತೊಡಗಿದವು. ಕಿಟಕಿಯ ಚೌಕಟ್ಟು, ಕೊಳವೆ ಹಾದುಹೋಗುವ ತೂತು, ಮಾಡು ಗೋಡೆ ಸೇರುವ ಜಾಗ, ಇಂಥ ಸಂದುಗಳಿಂದ ಬೆಚ್ಚನೆಯ ಗಾಳಿ ಸೋರಿಹೋಗುತ್ತದೆ. ಸೋರುವಾಗ ಒಳಗಿನ ತೇವವನ್ನೂ ಒಯ್ದು, ಗೋಡೆಯೊಳಗಿನ ತಣ್ಣನೆಯ ಭಾಗದಲ್ಲಿ ನೀರಾಗಿಸುತ್ತದೆ. ಹಲಗೆಯ ಮೈಯಿಂದ ಹಾಯುವ ಆವಿಗಿಂತ ಸಣ್ಣದೊಂದು ತೂತಿನಿಂದ ಗಾಳಿಯ ಜೊತೆ ಹೋಗುವ ತೇವ ಎಷ್ಟೋ ಪಟ್ಟು ಹೆಚ್ಚು.

ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರಲ್ಲಿ ಕಟ್ಟಿದ ಮನೆಗಳಿಂದ ‘ಪ್ಯಾಸಿವ್ ಹೌಸ್’ ಪದ್ಧತಿ ಬೆಳೆಯಿತು. ಅದರ ಕಟ್ಟಳೆಯಂತೆ, ಬೀಸಣಿಗೆಯಿಂದ 50 ಪ್ಯಾಸ್ಕಲ್ ಒತ್ತಡ ಕೊಟ್ಟು ಪರೀಕ್ಷಿಸಿದಾಗ, ಗಂಟೆಯೊಂದರಲ್ಲಿ ಸೋರುವ ಗಾಳಿ ಕಟ್ಟಡದ ಒಳಗಾಳಿಯ 0.6 ಪಾಲನ್ನು ಮೀರಕೂಡದು. 2001ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಟ್ಟಡ ನಿಯಮಗಳಲ್ಲಿ ಗಾಳಿತಡೆ ಸೇರಿತು. 2007ರಲ್ಲಿ ಫ್ರಾಂಕ್‌ಫರ್ಟ್ ನಗರಸಭೆಯು ತನ್ನ ಹೊಸ ಕಟ್ಟಡಗಳನ್ನು ಪ್ಯಾಸಿವ್ ಹೌಸ್ ಪದ್ಧತಿಯಲ್ಲೇ ಕಟ್ಟಬೇಕೆಂದು ನಿರ್ಣಯಿಸಿತು. ಶಾಲೆಗಳೂ ಅದರಲ್ಲಿ ಸೇರಿದವು.

ಲೇಪನವನ್ನು ಹೊರಹೊದಿಕೆಯ ಹಿಂದಿನ ಗೋಡೆಗೆ ರೋಲರ್‌ನಿಂದಲೋ ಸ್ಪ್ರೇಯಿಂದಲೋ ಬಳಿಯುತ್ತಾರೆ. ಒಣಗಿದಾಗ ಅದು ರಬ್ಬರಿನಂತಹ ಪದರವಾಗುತ್ತದೆ. ಅದರಲ್ಲಿ ಎರಡು ಬಗೆ: ಆವಿಯನ್ನೂ ತಡೆಯುವುದು ಒಂದು, ನೀರನ್ನೂ ಗಾಳಿಯನ್ನೂ ತಡೆದು ಆವಿಯನ್ನು ಮಾತ್ರ ಹೊರಬಿಡುವುದು ಇನ್ನೊಂದು. ಯಾವುದಾದರೂ ಸರಿ, ಸಂದುಗಳನ್ನು ಮುಚ್ಚದೆ ಬಳಿದರೆ ವ್ಯರ್ಥ.

ನಮಗೆ ಬೇಕಾದದ್ದೆಷ್ಟು?

ನಮ್ಮ ಶಾಲೆಯನ್ನು ಯಾರೂ ಬಿಸಿಮಾಡುವುದಿಲ್ಲ. ಕಿಟಕಿಗಳು ದಿನವಿಡೀ ತೆರೆದಿರುತ್ತವೆ. ಆದ್ದರಿಂದ ಗಾಳಿ ತಡೆದು ಉಳಿಸುವ ಇಂಧನ ನಮ್ಮಲ್ಲಿಲ್ಲ. ಅಲ್ಲಿನ ಬಿಗಿಯಾದ ಶಾಲೆಗಳಲ್ಲಿ ಹೊಸ ಗಾಳಿ ತರಲು ಯಂತ್ರ ಸದಾ ಓಡುತ್ತದೆ. ಯಂತ್ರವಿಲ್ಲದೆ ಬಿಗಿ ಮಾಡಿದರೆ ಮೂವತ್ತು ಮಕ್ಕಳ ಕೊಠಡಿಯಲ್ಲಿ ಉಸಿರಿನ ಗಾಳಿಯೇ ತುಂಬಿ ಮಕ್ಕಳು ತೂಕಡಿಸುವರು. ತೆರೆದ ಕಿಟಕಿಯ ಬೆಲೆಯನ್ನು 2020ರ ಕೋವಿಡ್ ಕಾಲ ಎಲ್ಲರಿಗೂ ಕಲಿಸಿದೆ.

ನಾವು ಅವರಿಂದ ಪಡೆಯಬೇಕಾದದ್ದು ನೀರಿನ ಪಾಠ. ಕಣದಲ್ಲಿ ಹಸಿ ಕಾಫಿಯ ಮೇಲೆ ರಾತ್ರಿ ಟಾರ್ಪಾಲು ಹೊದಿಸಿದರೆ ಬೆಳಿಗ್ಗೆ ಅದರ ಕೆಳಮೈಯಲ್ಲಿ ಹನಿ ಕಟ್ಟಿರುವುದನ್ನು ನಾವೆಲ್ಲ ಕಂಡಿದ್ದೇವೆ. ಕೊಳೆರೋಗಕ್ಕೆ ಹೆದರಿ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿದ ಹಿರಿಯರು ಮೇಲಿನ ಮಳೆ ತಡೆದರೇ ಹೊರತು ಗೊನೆಯನ್ನು ಕೆಳಗಿನಿಂದ ಕಟ್ಟಿಹಾಕಲಿಲ್ಲ. ಗೋಡೆಗೂ ಅದೇ ನ್ಯಾಯ. ಒದ್ದೆ ಗೋಡೆಯ ಮೂಲಕ ಶಾಖ ಬೇಗ ಹೊರಟುಹೋಗುತ್ತದೆ. ಆಟಿ ತಿಂಗಳಲ್ಲಿ ಮಕ್ಕಳು ಚಳಿಗೆ ಮುದುಡಿ ಕೂರಲು ಅದೂ ಒಂದು ಕಾರಣ.

ಕೆಲಸದ ಅನುಕ್ರಮ

ಮೊದಲನೆಯದಾಗಿ, ಪಡುವಣ ಗೋಡೆಯ ಮೇಲೆ ಮಾಡನ್ನು ಮೂರಡಿಯಷ್ಟಾದರೂ ಮುಂದಕ್ಕೆ ಚಾಚಿಸಬೇಕು. ಹಿಂದೆ ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಇದೇ ಉದ್ದೇಶಕ್ಕೆ. ಎರಡನೆಯದಾಗಿ, ಸೂರಿನ ನೀರು ನೆಲಕ್ಕೆ ಬಿದ್ದು ಗೋಡೆಗೆ ಸಿಡಿಯದಂತೆ ಚರಂಡಿ ಬೇಕು. ಮೂರನೆಯದಾಗಿ, ತಾರಸಿಯ ಅಂಚು ಮತ್ತು ಕಿಟಕಿಯ ಸುತ್ತಲಿನ ಬಿರುಕುಗಳನ್ನು ತುಂಬಬೇಕು. ಸಜ್ಜಾದ ಕೆಳಗಂಚಿನಲ್ಲಿ ಉದ್ದಕ್ಕೂ ಒಂದು ಗೀರು ಇದ್ದರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಗೋಡೆಯತ್ತ ಹರಿಯುವುದಿಲ್ಲ.

ಲೇಪನದ ಸರದಿ ಕೊನೆಯದು. ಹಳೆಯ ಬಣ್ಣವನ್ನು ಕೆರೆದು ತೆಗೆದು ಗೋಡೆಯನ್ನು ಒಣಗಲು ಬಿಡಬೇಕು. ಒಣಗಿತೋ ಇಲ್ಲವೋ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಹಿಂಬದಿ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಹಸಿ. ಒಣಗಿದ ಮೇಲೆ ಹೊರಮೈಗೆ ಆವಿ ಬಿಡುವ ಬಗೆಯ ಲೇಪನ, ಒಳಮೈಗೆ ಸುಣ್ಣ. ಅಂಗಡಿಯಲ್ಲಿ ನೀರು ತಡೆಯುವುದೇ ಎಂದು ಮಾತ್ರ ಕೇಳಿದರೆ ಸಾಲದು, ಆವಿ ಬಿಡುವುದೇ ಎಂದೂ ಕೇಳತಕ್ಕದ್ದು. ಬೋರ್ಡೋ ದ್ರಾವಣದಂತೆಯೇ ಇದಕ್ಕೂ ಹೊತ್ತು ಮುಖ್ಯ: ಕಾಫಿ ಕೊಯ್ಲು ಮುಗಿದು ಹೂಮಳೆ ಬರುವುದಕ್ಕೆ ಮುಂಚಿನ ಬಿಸಿಲೇ ತಕ್ಕ ಕಾಲ.

ಕೂಡಿಸುವ ಹಣ ಮೊದಲು ಮಾಡಿಗೆ ಮತ್ತು ಚರಂಡಿಗೆ ಹೋಗಲಿ, ಉಳಿದದ್ದು ಲೇಪನಕ್ಕಾಗಲಿ ಎಂಬುದು ನಮ್ಮ ಸಲಹೆ. ಹೊಸ ಬಣ್ಣದ ಹೊಳಪು ಶಾಲೆ ತೆರೆಯುವ ದಿನ ಎಲ್ಲರಿಗೂ ಕಾಣುತ್ತದೆ, ಚಾಚಿದ ಮಾಡಿನ ಉಪಕಾರ ಆಗಸ್ಟ್‌ನಲ್ಲಿ ಮಕ್ಕಳಿಗೆ ತಿಳಿಯುತ್ತದೆ. ಮುಂದಿನ ಸಭೆಗೆ ಬರುವ ಮುನ್ನ ಸದಸ್ಯರು ಒಮ್ಮೆ ಶಾಲೆಗೆ ಹೋಗಿ ಆ ಪಡುವಣ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ ಬರಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ