ಮಸಿಯೊಳಗಿನ ವಿಷ

ಹದಿನೆಂಟನೆಯ ಶತಮಾನದ ಲಂಡನ್ ನಗರದ ಮನೆಗಳಲ್ಲಿ ಕಲ್ಲಿದ್ದಲಿನ ಒಲೆಗಳು ಉರಿಯುತ್ತಿದ್ದವು. ಇಕ್ಕಟ್ಟಾದ ಹೊಗೆಗೂಡುಗಳೊಳಗೆ ತೆವಳಿಕೊಂಡು ಹತ್ತಿ ಮಸಿಯನ್ನು ಕೆರೆದು ತೆಗೆಯುವ ಕೆಲಸ ಬಡವರ ಮಕ್ಕಳ ಪಾಲಿಗೆ ಬಂದಿತ್ತು. ಈ ಹುಡುಗರು ಬೆಳೆದು ದೊಡ್ಡವರಾದಾಗ ಚರ್ಮದ ಕ್ಯಾನ್ಸರಿಗೆ ತುತ್ತಾಗುತ್ತಿದ್ದುದನ್ನು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು ಕಂಡನು. ಚರ್ಮದ ಮಡಿಕೆಗಳಲ್ಲಿ ನಿಂತ ಮಸಿಯೇ ಇದಕ್ಕೆ ಕಾರಣವೆಂದು ಅವನು 1775ರಲ್ಲಿ ಬರೆದನು.

ಮಸಿ ರೋಗವನ್ನು ತರುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆಯಲು ಬಹುಕಾಲ ಹಿಡಿಯಿತು. 1915ರಲ್ಲಿ ಜಪಾನಿನ ಯಮಗಿವ ಮತ್ತು ಇಚಿಕಾವ ಎಂಬ ವಿಜ್ಞಾನಿಗಳು ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರನ್ನು ಬಳಿದು, ಅಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ತೋರಿಸಿದರು. 1933ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಆ ಟಾರಿನಿಂದ ಬೆಂಜೊಪೈರೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು.

ಸೋಜಿಗದ ಸಂಗತಿಯೆಂದರೆ, ಬೆಂಜೊಪೈರೀನ್ ತನ್ನ ಮೂಲರೂಪದಲ್ಲಿ ಡಿ.ಎನ್.ಎ.ಗೆ ಅಂಟಿಕೊಳ್ಳುವುದಿಲ್ಲ. ಅದು ನೀರಿನಲ್ಲಿ ಕರಗದ ವಸ್ತು. ಅದನ್ನು ಕರಗುವಂತೆ ಮಾಡಿ ಹೊರಹಾಕಲು ನಮ್ಮ ದೇಹದ ಕಿಣ್ವಗಳು ಅದಕ್ಕೆ ಆಮ್ಲಜನಕವನ್ನು ಸೇರಿಸುತ್ತವೆ. ಹೀಗೆ ಮಾರ್ಪಟ್ಟುದರಲ್ಲಿ ಬಹುಭಾಗ ಹೊರಹೋಗುತ್ತದೆ. ಅಲ್ಪಭಾಗ ಮಾತ್ರ ಅತ್ಯಂತ ಚುರುಕಾದ ರೂಪವನ್ನು ತಾಳುತ್ತದೆ. ಮನೆಯನ್ನು ಗುಡಿಸಲು ಹಿಡಿದ ಪೊರಕೆಯಿಂದಲೇ ಕಿಡಿ ಹಾರಿದಂತಾಗುತ್ತದೆ!

ಆ ಚುರುಕಾದ ಅಣು ಕೋಶಕೇಂದ್ರವನ್ನು ಹೊಕ್ಕು, ಡಿ.ಎನ್.ಎ.ಯಲ್ಲಿರುವ ಗ್ವಾನೀನ್ ಎಂಬ ಘಟಕಕ್ಕೆ ಬಿಗಿಯಾಗಿ ಅಂಟುತ್ತದೆ. ಜೀವಕೋಶವು ಒಡೆದು ಎರಡಾಗುವ ಮೊದಲು ಡಿ.ಎನ್.ಎ.ಯ ಪ್ರತಿ ಸಿದ್ಧವಾಗಬೇಕು. ಅಂಟಿಕೊಂಡ ಅಣುವಿನಿಂದ ಅಲ್ಲಿ ನಕಲು ತಪ್ಪಿ, ಮುಂದಿನ ಪ್ರತಿಗಳಲ್ಲಿ ಗ್ವಾನೀನ್ ಇರಬೇಕಾದೆಡೆ ಥೈಮೀನ್ ಬಂದು ಕೂಡಬಹುದು. ಕೋಶವಿಭಜನೆಗೆ ಕಡಿವಾಣ ಹಾಕುವ ಜೀನುಗಳಲ್ಲಿ ಇಂತಹ ತಪ್ಪುಗಳು ಸೇರುತ್ತ ಹೋದರೆ, ಕೋಶಗಳು ಅಂಕೆಯಿಲ್ಲದೆ ಬೆಳೆಯತೊಡಗುತ್ತವೆ. ಅದೇ ಕ್ಯಾನ್ಸರ್.

ಆದರೆ ದೇಹವು ಕೈಕಟ್ಟಿ ಕುಳಿತಿರುವುದಿಲ್ಲ. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಸರಿಯಾದುದನ್ನು ತುಂಬುವ ಕಿಣ್ವಗಳೂ ಇವೆ. ಈ ದುರಸ್ತಿಯ ಬಗೆಯನ್ನು ವಿವರಿಸಿದ ಅಜೀಜ್ ಸಂಜಾರ್ ಅವರು 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಆದರೂ ದುರಸ್ತಿಗೆ ಒಂದು ಮಿತಿಯುಂಟು. ವಿಷವು ದಿನದಿನವೂ ಒಳಸೇರುತ್ತಿದ್ದರೆ ಕೆಲವು ಗಾಯಗಳು ಮಾಯದೆ ಉಳಿಯುತ್ತವೆ.

ಹೊಗೆಗೂಡುಗಳಿಗೆ ಮಕ್ಕಳನ್ನು ಹತ್ತಿಸುವ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಕೊನೆಗಾಣಿಸಿದ್ದು 1875ರ ಕಾನೂನು. ಪಾಟನು ಬರೆದು ಆಗಲೇ ನೂರು ವರ್ಷಗಳು ಸಂದಿದ್ದವು. ಆ ಮಕ್ಕಳನ್ನು ಉಳಿಸಲು ಡಿ.ಎನ್.ಎ.ಯ ಅರಿವು ಬೇಕಾಗಿರಲಿಲ್ಲ. ಕಣ್ಣೆದುರಿನ ಸತ್ಯವನ್ನು ಒಪ್ಪುವ ಮನಸ್ಸೊಂದಿದ್ದರೆ ಸಾಕಾಗಿತ್ತು. ಅದೇ ಬೆಂಜೊಪೈರೀನ್ ಇಂದು ಬೀಡಿ ಸಿಗರೇಟುಗಳ ಹೊಗೆಯಲ್ಲಿಯೂ ಕಲ್ಲಿದ್ದಲನ್ನು ಸುಡುವ ಕುಲುಮೆಗಳ ಹೊಗೆಯಲ್ಲಿಯೂ ಇದೆ. ಇಂದು ನಮಗೆ ಸತ್ಯದ ಜೊತೆಗೆ ಅದರ ಕಾರಣವೂ ತಿಳಿದಿದೆ.