ಮರ ತುಂಬಿದ ರೈಲು ಒಲೆಯೊಳಗೆ ಹೋಗುವುದೇಕೆ? ಭದ್ರಾವತಿ ಕಬ್ಬಿಣದ ಹಿಂದಿನ 'ಬಟ್ಟಿ' ಕಥೆ

ಭದ್ರಾವತಿ ಎಂದರೆ ಕಬ್ಬಿಣ, ಉಕ್ಕು. ಕರ್ನಾಟಕದ ಹೊರಗಿರುವ ಕನ್ನಡಿಗರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಕಾರ್ಖಾನೆಯ ಮೊದಲ ಹೆಸರು ಗೊತ್ತೇ? 'ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್'. ಕಬ್ಬಿಣದ ಮಾತು ಆಮೇಲೆ, ಮೊದಲು ಬರುವುದು ಮರದ ಬಟ್ಟಿ.

ಬಟ್ಟಿ ಇಳಿಸುವುದೆಂದರೆ ಹೆಂಡ, ಸಾರಾಯಿ, ಅತ್ತರು ನೆನಪಾಗುತ್ತದೆ. ಮರವನ್ನು ಬಟ್ಟಿ ಇಳಿಸುವುದು ಹೇಗೆ? ಅದಕ್ಕೂ ಕಬ್ಬಿಣಕ್ಕೂ ಏನು ಸಂಬಂಧ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ನೂರು ವರ್ಷಗಳ ಹಿಂದಿನ ಒಂದು ವಿಚಿತ್ರ ಯಂತ್ರ ಎದುರಾಗುತ್ತದೆ. ಅದೇ ರೈಲು ಹಳಿ ಹಾಕಿದ ಒಲೆ. ಮರ ತುಂಬಿದ ವ್ಯಾಗನ್‌ಗಳು ಸಾಲಾಗಿ ಅದರೊಳಗೆ ಹೋಗುತ್ತವೆ, ಮರುದಿನ ಇದ್ದಿಲು ಹೊತ್ತು ಹೊರಬರುತ್ತವೆ.

ಸುಡುವುದಲ್ಲ, ಬೇಯಿಸುವುದು

ಕಟ್ಟಿಗೆಗೆ ಗಾಳಿ ಸಿಕ್ಕರೆ ಅದು ಉರಿದು ಬೂದಿಯಾಗುತ್ತದೆ. ಗಾಳಿ ಸಿಗದ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಹೊರಗಿನಿಂದ ಕಾಯಿಸಿದರೆ ಉರಿಯುವುದಿಲ್ಲ, ಒಡೆದು ಬೇರೆ ಬೇರೆ ವಸ್ತುಗಳಾಗುತ್ತದೆ. ಇದಕ್ಕೆ ಒಣ ಬಟ್ಟಿ ಇಳಿಸುವಿಕೆ ಎಂದು ಹೆಸರು.

ಮೊದಲು ನೀರಿನಂಶ ಆವಿಯಾಗಿ ಹೋಗುತ್ತದೆ. ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮರ ಒಡೆಯತೊಡಗುತ್ತದೆ. ಸುಮಾರು 280 ಡಿಗ್ರಿಯ ಹೊತ್ತಿಗೆ ಮರವೇ ಶಾಖ ಬಿಡಲು ಶುರುಮಾಡುತ್ತದೆ. ಆಗ ಒಲೆಯ ಉರಿ ತಗ್ಗಿಸಿದರೂ ಕೆಲಸ ಸಾಗುತ್ತದೆ. 400 ಡಿಗ್ರಿ ಆಸುಪಾಸಿಗೆ ಬಂದಾಗ ಒಳಗೆ ಉಳಿದಿರುವುದು ಇದ್ದಿಲು ಮಾತ್ರ.

ಹೊರಬಂದ ಆವಿಯನ್ನು ಕೊಳವೆಯಲ್ಲಿ ಹಾಯಿಸಿ ತಣ್ಣಗೆ ಮಾಡಿದರೆ ಕಂದು ಬಣ್ಣದ, ಮೂಗಿಗೆ ರಾಚುವ ಹುಳಿ ದ್ರವ ಸಿಗುತ್ತದೆ. ಅದರಲ್ಲಿ ವಿನೆಗರ್‌ನ ಮೂಲವಾದ ಅಸಿಟಿಕ್ ಆಮ್ಲ ಮತ್ತು 'ವುಡ್ ಆಲ್ಕೋಹಾಲ್' ಎಂದೇ ಹೆಸರಾಗಿದ್ದ ಮೆಥನಾಲ್ ಇರುತ್ತವೆ. ಜೊತೆಗೆ ಟಾರ್ ಬರುತ್ತದೆ. ದ್ರವವಾಗದೆ ಉಳಿದ ಅನಿಲವನ್ನು ಮತ್ತೆ ಒಲೆಗೇ ಉರುವಲಾಗಿ ಬಿಡಬಹುದು.

100 ಕೆ.ಜಿ. ಒಣ ಗಟ್ಟಿಮರದಿಂದ ಸುಮಾರು 30ರಿಂದ 35 ಕೆ.ಜಿ. ಇದ್ದಿಲು ಸಿಗುತ್ತದೆ. ಅಸಿಟಿಕ್ ಆಮ್ಲ 5 ಕೆ.ಜಿ. ಆಸುಪಾಸು, ಮೆಥನಾಲ್ 2 ಕೆ.ಜಿ.ಗಿಂತ ಕಡಿಮೆ. ಪ್ರಮಾಣ ಚಿಕ್ಕದಾದರೂ ಆ ಕಾಲದಲ್ಲಿ ಇವುಗಳ ಬೆಲೆ ದೊಡ್ಡದಿತ್ತು. ಹಳ್ಳಿಯ ಇದ್ದಿಲು ಗೂಡಿನಲ್ಲಿ ಇವೆಲ್ಲ ಹೊಗೆಯಾಗಿ ಆಕಾಶಕ್ಕೆ ಹೋಗುತ್ತಿದ್ದವು. ಕಾರ್ಖಾನೆಯವರು ಆ ಹೊಗೆಯನ್ನೇ ಹಿಡಿದು ಮಾರಿದರು.

ನಿಜವಾದ ತೊಡಕು ಬಾಗಿಲು ತೆರೆಯುವಾಗ

ಕಾಯಿಸುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಇದ್ದಿಲು ತಯಾರಾದ ಮೇಲೆ.

ಒಲೆಯೊಳಗೆ 400 ಡಿಗ್ರಿ ಬಿಸಿಯ ಇದ್ದಿಲಿದೆ. ಬಾಗಿಲು ತೆರೆದರೆ ಗಾಳಿ ನುಗ್ಗುತ್ತದೆ, ಇದ್ದಿಲು ಅಲ್ಲೇ ಹೊತ್ತಿಕೊಳ್ಳುತ್ತದೆ. ಒಳಗೆ ಉಳಿದ ಆವಿ ಗಾಳಿಯ ಜೊತೆ ಬೆರೆತರೆ ಸ್ಫೋಟದ ಭಯವೂ ಇದೆ. ಹಾಗೆಂದು ಬಾಗಿಲು ಮುಚ್ಚಿಟ್ಟು ಒಲೆ ತಾನಾಗಿ ತಣಿಯಲು ಬಿಟ್ಟರೆ ದಿನಗಟ್ಟಲೆ ಕಾಯಬೇಕು. ಅಷ್ಟು ದೊಡ್ಡ ಇಟ್ಟಿಗೆ ಒಲೆಯನ್ನು ಮತ್ತೆ ಮೊದಲಿನಿಂದ ಕಾಯಿಸಲು ಎಷ್ಟು ಸೌದೆ ಬೇಕು? ಲೆಕ್ಕ ಹೊಂದುವುದಿಲ್ಲ.

ಇದಕ್ಕೆ ಅಮೆರಿಕದ ಕಾರ್ಖಾನೆಗಳು ಕಂಡುಕೊಂಡ ಉಪಾಯವೇ ಹಳಿ ಮತ್ತು ವ್ಯಾಗನ್. ಇದ್ದಿಲನ್ನು ಒಲೆಯಿಂದ ತೆಗೆಯುವ ಬದಲು ಇದ್ದಿಲಿರುವ ಗಾಡಿಯನ್ನೇ ಹೊರಗೆಳೆಯುವುದು!

24 ಗಂಟೆಯ ಪಾಳಿ

20ನೇ ಶತಮಾನದ ಆರಂಭದ ಅಮೆರಿಕದ ಒಲೆಗಳನ್ನೇ ನೋಡಿ. ಒಂದೊಂದೂ ಸುಮಾರು 50 ಅಡಿ ಉದ್ದದ ಉಕ್ಕಿನ ಸುರಂಗ. ಸುತ್ತ ಇಟ್ಟಿಗೆ ಗೋಡೆ, ತಳದಲ್ಲಿ ಬೆಂಕಿ, ಎರಡೂ ತುದಿಗೆ ಬಾಗಿಲು, ನೆಲದ ಮೇಲೆ ಹಳಿ.

ನಾಲ್ಕಡಿ ಉದ್ದಕ್ಕೆ ಕತ್ತರಿಸಿ ಒಣಗಿಸಿದ ಮರವನ್ನು ವ್ಯಾಗನ್‌ಗಳಲ್ಲಿ ಜೋಡಿಸುತ್ತಾರೆ. ಬಿಸಿ ಎಲ್ಲ ಕಡೆ ಹಾಯುವಂತೆ ವ್ಯಾಗನ್‌ಗಳ ಪಕ್ಕಗಳು ಪಂಜರದ ಹಾಗೆ ಪಟ್ಟಿ ಪಟ್ಟಿಯಾಗಿರುತ್ತವೆ. ಇಂಥ ನಾಲ್ಕು ವ್ಯಾಗನ್‌ಗಳನ್ನು ಒಟ್ಟಿಗೆ ಒಳಗೆ ತಳ್ಳಿ ಬಾಗಿಲು ಬಿಗಿಯುತ್ತಾರೆ. ಸುಮಾರು 24 ಗಂಟೆಯಲ್ಲಿ ಮರ ಇದ್ದಿಲಾಗುತ್ತದೆ.

ಒಲೆಯ ಇನ್ನೊಂದು ತುದಿಗೆ ನೇರವಾಗಿ, ಅದೇ ಹಳಿಯ ಮೇಲೆ ಮತ್ತೊಂದು ಸುರಂಗ ಇರುತ್ತದೆ. ಅದಕ್ಕೆ ಬೆಂಕಿಯೂ ಇಲ್ಲ, ಇಟ್ಟಿಗೆಯೂ ಇಲ್ಲ. ಬರೀ ತಗಡಿನ ತಂಪು ಕೋಣೆ. ಸಮಯಕ್ಕೆ ಸರಿಯಾಗಿ ಎರಡೂ ಬಾಗಿಲು ತೆರೆದು, ಉಕ್ಕಿನ ಹಗ್ಗ ಕಟ್ಟಿ ಇಡೀ ಸಾಲನ್ನು ಒಲೆಯಿಂದ ತಂಪು ಕೋಣೆಗೆ ಎಳೆಯುತ್ತಾರೆ. ಬಾಗಿಲು ಮುಚ್ಚಿ, ಗಾಳಿ ನುಸುಳದಂತೆ ಸಂದುಗಳಿಗೆ ಮಣ್ಣು ಮೆತ್ತುತ್ತಾರೆ. ಗಾಡಿಗಳು ಬಯಲಿನಲ್ಲಿರುವ ಆ ಕೆಲವು ಕ್ಷಣಗಳಲ್ಲಿ ಇದ್ದಿಲು ಕೆಂಪಾಗಿ ಹೊಳೆದು ಅಲ್ಲಲ್ಲಿ ಹೊತ್ತಿಕೊಳ್ಳುವುದೂ ಉಂಟು. ಗಾಳಿ ಬಂದಾದ ಕೂಡಲೇ ಆರುತ್ತದೆ.

ಅತ್ತ ಖಾಲಿಯಾದ ಒಲೆಗೆ ಒಣಮರದ ಹೊಸ ಸಾಲು ಆಗಲೇ ನುಗ್ಗಿರುತ್ತದೆ. ಒಲೆಯ ಬಿಸಿ ವ್ಯರ್ಥವಾಗುವುದಿಲ್ಲ.

ಮೊದಲ ತಂಪು ಕೋಣೆಯಲ್ಲಿ ಒಂದು ದಿನ, ಎರಡನೆಯದರಲ್ಲಿ ಇನ್ನೊಂದು ದಿನ. ಆಮೇಲೂ ಇದ್ದಿಲನ್ನು ನೇರ ಗೋದಾಮಿಗೆ ಸಾಗಿಸುವಂತಿಲ್ಲ. ಹೊಸ ಇದ್ದಿಲು ಗಾಳಿಯಲ್ಲಿನ ಆಮ್ಲಜನಕವನ್ನು ಹೀರುತ್ತಾ ತಾನೇ ಬಿಸಿಯಾಗುತ್ತದೆ. ಆದ್ದರಿಂದ ಮತ್ತೊಂದೆರಡು ದಿನ ಬಯಲಿನಲ್ಲಿಟ್ಟು ಕಣ್ಣಿಡಬೇಕು. ಆರಿತೆಂದುಕೊಂಡ ಇದ್ದಿಲು ರಾತ್ರಿ ಹೊತ್ತಿ ಉರಿಯುವ ಅಪಾಯ ಈ ಉದ್ಯಮಕ್ಕೆ ಅಂಟಿಕೊಂಡೇ ಬಂದಿದೆ.

ಎಸ್ಟೋನಿಯಾದಲ್ಲಿ ನಿಲ್ಲದ ಸಾಲು

ಅಮೆರಿಕದ ಒಲೆಯಲ್ಲಿ ವ್ಯಾಗನ್ ಒಳಗೆ ಹೋಗಿ ನಿಲ್ಲುತ್ತದೆ. ನಿಲ್ಲದೆ ಮುಂದೆ ಸಾಗುತ್ತಲೇ ಇದ್ದರೆ? ಆ ಪ್ರಯೋಗ ನಡೆದದ್ದು ಯುರೋಪಿನ ಪುಟ್ಟ ದೇಶ ಎಸ್ಟೋನಿಯಾದಲ್ಲಿ.

ಅಲ್ಲಿ ಪೆಟ್ರೋಲಿಯಂ ಬಾವಿಗಳಿಲ್ಲ. ಇರುವುದು ಎಣ್ಣೆಯ ಅಂಶ ತುಂಬಿದ ಕಲ್ಲು, ಆಯಿಲ್ ಶೇಲ್. ಮರದ ಹಾಗೆಯೇ ಇದನ್ನೂ ಗಾಳಿಯಿಲ್ಲದೆ ಕಾಯಿಸಿದರೆ ಎಣ್ಣೆಯ ಆವಿ ಹೊರಡುತ್ತದೆ. 1920ರ ದಶಕದ ಕೊನೆಯಲ್ಲಿ ಸಿಲ್ಲಮಾಯೆ ಎಂಬಲ್ಲಿ ಸ್ವೀಡನ್ ಬಂಡವಾಳದ ಕಂಪನಿಯೊಂದು ಸುರಂಗ ಒಲೆ ಕಟ್ಟಿತು. ನಂತರ ಕಿವಿಯೊಲಿ ಪಟ್ಟಣದಲ್ಲೂ ಇಂಥ ಒಲೆಗಳು ಬಂದವು.

ಇಲ್ಲಿ ಕಲ್ಲಿನ ಚೂರುಗಳನ್ನು ತೆಳುವಾಗಿ ಹರಡಿಕೊಂಡ ವ್ಯಾಗನ್‌ಗಳು ಒಂದರ ಹಿಂದೆ ಒಂದು ಸಾಗುತ್ತವೆ. ಫ್ಯಾನ್‌ಗಳು ಬಿಸಿ ಅನಿಲವನ್ನು ಕಲ್ಲಿನ ಪದರದ ಮೂಲಕ ಹಾಯಿಸುತ್ತವೆ. ಒಂದು ತುದಿಯಲ್ಲಿ ಹೊಸ ವ್ಯಾಗನ್ ಒಳಗೆ ಬಂದರೆ ಇನ್ನೊಂದು ತುದಿಯಲ್ಲಿ ಎಣ್ಣೆ ಬಿಟ್ಟುಕೊಟ್ಟ ಕಲ್ಲು ಹೊರಹೋಗುತ್ತದೆ.

ಹಾಗಾದರೆ ಈ ಪದ್ಧತಿ ಹಿಂದೆ ಸರಿದಿದ್ದೇಕೆ?

ವ್ಯಾಗನ್ ಒಂದು ತೊಡಕು ಬಿಡಿಸಿತು, ನಾಲ್ಕು ಹೊಸ ತೊಡಕು ತಂದಿತು.

ಒಂದು, ಮರದ ಜೊತೆ ಪ್ರತಿ ಸಲ ಟನ್‌ಗಟ್ಟಲೆ ತೂಕದ ಕಬ್ಬಿಣದ ಗಾಡಿಯನ್ನೂ ಕಾಯಿಸಬೇಕು, ಆಮೇಲೆ ಅದನ್ನೂ ತಣಿಸಬೇಕು. ಎರಡು, ದಿನಾ ಕಾದು ತಣಿಯುವ ಗಾಡಿಯ ಚೌಕಟ್ಟು ಸೊಟ್ಟಗಾಗುತ್ತದೆ, ಚಕ್ರ ಕಚ್ಚಿಕೊಳ್ಳುತ್ತದೆ, ಆಮ್ಲದ ಆವಿ ಲೋಹವನ್ನು ತಿನ್ನುತ್ತದೆ. ಮೂರು, ಅಷ್ಟು ದೊಡ್ಡ ಬಾಗಿಲು ಸೋರದಂತೆ ನೋಡಿಕೊಳ್ಳುವುದೇ ಒಂದು ಕೆಲಸ. ನಾಲ್ಕು, ಗಾಡಿಗೆ ಮರ ಜೋಡಿಸಲು, ಇದ್ದಿಲು ಇಳಿಸಲು ಬಹಳ ಕೈಗಳು ಬೇಕು.

ನಂತರ ಬಂದ ನಿಲುವುಗಂಬದಂಥ ಒಲೆಗಳಲ್ಲಿ ವ್ಯಾಗನ್ನೇ ಇಲ್ಲ. ಬೆಲ್ಜಿಯಂ ಮೂಲದ ಲಂಬಿಯೋತ್ ಒಲೆ ಇದಕ್ಕೆ ಹೆಸರುವಾಸಿ. ಮರವನ್ನು ಮೇಲಿನಿಂದ ಹಾಕಿದರೆ ತನ್ನ ತೂಕಕ್ಕೇ ಕೆಳಗಿಳಿಯುತ್ತದೆ. ನಡುವೆ ಇದ್ದಿಲಾಗುತ್ತದೆ. ತಳದಲ್ಲಿ ತಣ್ಣನೆಯ ಅನಿಲ ತಗುಲಿ ಆರಿಯೇ ಹೊರಬೀಳುತ್ತದೆ.

ಭದ್ರಾವತಿಗೆ ಮರದ ಬಟ್ಟಿ ಬೇಕಾಗಿದ್ದೇಕೆ?

ಅದಿರಿನಿಂದ ಕಬ್ಬಿಣ ತೆಗೆಯಲು ಶಾಖ ಸಾಲದು, ಅದಿರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳಲು ಇಂಗಾಲವೂ ಬೇಕು. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೆ ಹತ್ತಿರದಲ್ಲೇ ಕಲ್ಲಿದ್ದಲು ಇತ್ತು. ಮೈಸೂರು ಸಂಸ್ಥಾನದಲ್ಲಿ ಕೆಮ್ಮಣ್ಣುಗುಂಡಿಯ ಒಳ್ಳೆಯ ಅದಿರಿತ್ತು, ಮಲೆನಾಡಿನ ಕಾಡಿತ್ತು, ಭದ್ರಾ ನದಿಯ ನೀರಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ.

ಹೀಗಾಗಿ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲದಲ್ಲಿ ರೂಪುಗೊಂಡ ಯೋಜನೆ ಕಲ್ಲಿದ್ದಲಿನ ಜಾಗದಲ್ಲಿ ಇದ್ದಿಲನ್ನು ನೆಚ್ಚಿಕೊಂಡಿತು. ಸಲಹೆಗೆ ಬಂದವರು ನ್ಯೂಯಾರ್ಕ್‌ನ ಪೆರಿನ್ ಅಂಡ್ ಮಾರ್ಷಲ್ ಸಂಸ್ಥೆಯವರು. ಟಾಟಾ ಕಾರ್ಖಾನೆಗೂ ಸಲಹೆಗಾರರಾಗಿದ್ದ ಚಾರ್ಲ್ಸ್ ಪೇಜ್ ಪೆರಿನ್ ಅವರ ಸಂಸ್ಥೆ ಅದು. ಗಟ್ಟಿಮರವನ್ನು ದೊಡ್ಡ ಪ್ರಮಾಣದಲ್ಲಿ ಬಟ್ಟಿ ಇಳಿಸಲು ಆಗ ಅಮೆರಿಕದಲ್ಲಿ ಚಾಲ್ತಿಯಲ್ಲಿದ್ದುದು ಈ ಹಳಿ-ವ್ಯಾಗನ್ ಒಲೆಯ ಪದ್ಧತಿಯೇ.

ಇದ್ದಿಲಿನಲ್ಲಿ ಗಂಧಕ ತೀರಾ ಕಡಿಮೆ. ಹಾಗಾಗಿ ಕಬ್ಬಿಣದ ಗುಣಮಟ್ಟ ಚೆನ್ನಾಗಿರುತ್ತದೆ. ಮರದ ಆಮ್ಲಕ್ಕೆ ಸುಣ್ಣ ಬೆರೆಸಿ ತಯಾರಿಸುವ ಕ್ಯಾಲ್ಸಿಯಂ ಅಸಿಟೇಟ್, ಮೆಥನಾಲ್, ಟಾರ್ ಮಾರಿದರೆ ಇದ್ದಿಲಿನ ಖರ್ಚು ತಗ್ಗುತ್ತದೆ. ಲೆಕ್ಕ ನಿಂತಿದ್ದು ಇದೇ ನಂಬಿಕೆಯ ಮೇಲೆ. 1923ರ ಜನವರಿಯಲ್ಲಿ ಕಾರ್ಖಾನೆ ಶುರುವಾಯಿತು.

ಅದೇ ವರ್ಷ ಜರ್ಮನಿಯಲ್ಲಿ...

1923ರಲ್ಲೇ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಲೋಯ್ನಾ ಕಾರ್ಖಾನೆಯಲ್ಲಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕದಿಂದ ಮೆಥನಾಲ್ ತಯಾರಿಸಲು ಆರಂಭಿಸಿತು. ಅದಕ್ಕೆ ಮರವೇ ಬೇಡ. ಕೆಲವೇ ವರ್ಷಗಳಲ್ಲಿ ಅಗ್ಗದ ಕೃತಕ ಮೆಥನಾಲ್ ಜಗತ್ತಿನ ಮಾರುಕಟ್ಟೆಗೆ ಬಂತು, ಅಸಿಟಿಕ್ ಆಮ್ಲವನ್ನೂ ಬೇರೆ ದಾರಿಯಿಂದ ಮಾಡತೊಡಗಿದರು. ಅಮೆರಿಕದಲ್ಲಿ ಮರ ಬಟ್ಟಿ ಇಳಿಸುವ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು.

ಹೊಗೆಯಿಂದ ಬರಬೇಕಿದ್ದ ಲಾಭ ಹೀಗೆ ಕರಗುವ ಹೊತ್ತಿಗೇ ಭದ್ರಾವತಿ ಕಣ್ಣು ಬಿಟ್ಟಿತ್ತು. ಆರಂಭದ ವರ್ಷಗಳಲ್ಲಿ ಕಾರ್ಖಾನೆ ನಷ್ಟದಲ್ಲಿ ಸಿಲುಕಿದಾಗ ಆಡಳಿತ ಮಂಡಳಿಯ ಹೊಣೆ ಹೊತ್ತು ಅದನ್ನು ದಡ ಸೇರಿಸಲು ಬಂದವರು ಮತ್ತೆ ವಿಶ್ವೇಶ್ವರಯ್ಯನವರೇ.

ಇನ್ನೊಂದು ಲೆಕ್ಕ ಕಾಡಿನದು. ಹಳೆಯ ಊದುಕುಲುಮೆಯಲ್ಲಿ ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಅಂದರೆ ಮೂರು ಟನ್ ಒಣಮರ. ದಿನವೂ, ವರ್ಷಗಟ್ಟಲೆ. ಶರಾವತಿಯ ವಿದ್ಯುತ್ ಬಂದ ಮೇಲೆ 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಶಾಖದ ಕೆಲಸ ವಿದ್ಯುತ್ತಿನ ಪಾಲಾಯಿತು, ಇಂಗಾಲದ ಅಗತ್ಯ ಕಡಿಮೆಯಾಯಿತು.

ಮುಂದಿನ ಕಥೆ ಸುದ್ದಿ ಓದುವವರಿಗೆ ಗೊತ್ತಿದೆ. ಕಾರ್ಖಾನೆ ವಿಐಎಸ್‌ಎಲ್ ಆಯಿತು, 1989ರಲ್ಲಿ ಸೈಲ್ ತೆಕ್ಕೆಗೆ ಹೋಯಿತು. 2023ರ ಜನವರಿಯಲ್ಲಿ, ಅಂದರೆ ಸರಿಯಾಗಿ ನೂರು ವರ್ಷ ತುಂಬಿದಾಗ, ಅದನ್ನು ಮುಚ್ಚುವ ನಿರ್ಧಾರವನ್ನು ಸೈಲ್ ಪ್ರಕಟಿಸಿತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಭದ್ರಾವತಿಯವರಿಗೆ ಇದು ಹಳೆಯ ಯಂತ್ರದ ಮಾತಷ್ಟೇ ಅಲ್ಲ, ಮನೆಯ ಒಲೆ ಉರಿಯುವ ಮಾತು.

ಈಗ ಮತ್ತೆ ಇದ್ದಿಲಿನ ಸುದ್ದಿ ಯಾಕೆ?

ಕಲ್ಲಿದ್ದಲಿನಿಂದಾಗುವ ಇಂಗಾಲ ಮಾಲಿನ್ಯ ತಗ್ಗಿಸಲು ಉಕ್ಕು ಉದ್ಯಮ ಈಗ ಪರ್ಯಾಯ ಹುಡುಕುತ್ತಿದೆ. ಬ್ರೆಜಿಲ್‌ನಲ್ಲಿ ನೀಲಗಿರಿ ತೋಪುಗಳ ಇದ್ದಿಲಿನಿಂದ ಇವತ್ತಿಗೂ ಕಬ್ಬಿಣ ತಯಾರಾಗುತ್ತಿದೆ. ಭಾರತದಲ್ಲೂ 'ಹಸಿರು ಉಕ್ಕು' ಚರ್ಚೆಯಲ್ಲಿ ಬಯೋಚಾರ್ ಎಂಬ ಹೆಸರು ಕೇಳಿಬರುತ್ತಿದೆ. ಹೆಸರು ಹೊಸದು, ವಿದ್ಯೆ ಹಳೆಯದು. ಕೃಷಿ ತ್ಯಾಜ್ಯವನ್ನೋ ಮರವನ್ನೋ ಗಾಳಿಯಿಲ್ಲದೆ ಬೇಯಿಸುವುದು.

ಮುಂದಿನ ಸಲ ಬಯೋಚಾರ್ ಘಟಕವೊಂದರ ಸುದ್ದಿ ಕಂಡರೆ ಮೂರು ಪ್ರಶ್ನೆ ಕೇಳಿ. ಕಚ್ಚಾವಸ್ತು ಎಲ್ಲಿಂದ ಬರುತ್ತದೆ? ಹೊಗೆಯನ್ನು ಹಿಡಿಯುತ್ತಾರೋ, ಊರಿನ ಮೇಲೆ ಬಿಡುತ್ತಾರೋ? ಬಿಸಿ ಇದ್ದಿಲು ಒಲೆಯಿಂದ ಹೊರಬರುವಾಗ ಅದರ ಪಕ್ಕ ನಿಲ್ಲುವವರಿಗೆ ರಕ್ಷಣೆ ಏನು?

ಭದ್ರಾವತಿಯವರು ನೂರು ವರ್ಷದ ಹಿಂದೆಯೇ ಈ ಮೂರನ್ನೂ ಎದುರಿಸಬೇಕಾಗಿತ್ತು.