ಗೇಮ್ ಶುರುವಾಗ್ತಿಲ್ವಾ? ಕಾರ್ಡ್ ಅಳಿಸೋ ಮೊದಲು ಲಾಗ್ ನೋಡಿ

ಪರದೆ ಒಮ್ಮೆ ಕಪ್ಪಾಗುತ್ತೆ, ಎರಡೇ ಸೆಕೆಂಡಿಗೆ ಮತ್ತೆ ಅದೇ ಗೇಮ್‌ಗಳ ಪಟ್ಟಿ. ಕಂಟ್ರೋಲರ್ ಹಿಡಿದು ಕೂತವರ ಮುಖ ಸಪ್ಪೆ. ರಾಸ್ಪ್‌ಬೆರಿ ಪೈ ಮೇಲೆ ರೆಟ್ರೋಪೈ ಹಾಕಿಕೊಂಡು ಹಳೇ ಗೇಮ್ ಆಡುವವರಿಗೆ ಇದು ಗೊತ್ತಿರೋ ದೃಶ್ಯವೇ. ಆಗ ಗೆಳೆಯರು ಕೊಡೋ ಮೊದಲ ಸಲಹೆ, 'ಎಸ್‌ಡಿ ಕಾರ್ಡ್ ಅಳಿಸಿ ಹೊಸದಾಗಿ ಹಾಕು.' ದಯವಿಟ್ಟು ಬೇಡ. ರೆಟ್ರೋಪೈನಲ್ಲಿ ಸೇವ್‌ಗಳು ಸಾಮಾನ್ಯವಾಗಿ ಗೇಮ್ ಫೈಲ್ ಇರುವ ಫೋಲ್ಡರಿನಲ್ಲೇ ಕೂತಿರುತ್ತವೆ. ಕಾರ್ಡ್ ಅಳಿಸಿದರೆ ನಿಮ್ಮ ತಮ್ಮ ಮೂರು ತಿಂಗಳು ಕಷ್ಟಪಟ್ಟು ದಾಟಿದ ಹಂತಗಳೂ ಹೋದವು ಅಂತಲೇ ಲೆಕ್ಕ. ಮೊದಲು ಆ ಫೋಲ್ಡರನ್ನು ಪೆನ್ ಡ್ರೈವ್‌ಗೆ ಕಾಪಿ ಮಾಡಿ, ಆಮೇಲೆ ರಿಪೇರಿ.

ಪಟ್ಟಿ ತೋರಿಸೋದು ಎಮ್ಯುಲೇಶನ್‌ಸ್ಟೇಷನ್. ಗೇಮ್ ಆರಿಸಿದ ಕೂಡಲೇ ಅದು ಕೆಲಸವನ್ನು 'ರನ್‌ಕಮಾಂಡ್' ಎಂಬ ಸ್ಕ್ರಿಪ್ಟಿಗೆ ಒಪ್ಪಿಸುತ್ತೆ. ಸರಿಯಾದ ಎಮ್ಯುಲೇಟರನ್ನು ಎಬ್ಬಿಸುವುದು ಈ ಸ್ಕ್ರಿಪ್ಟ್. ಎಲ್ಲಿ ಎಡವಿತು ಅಂತ ರನ್‌ಕಮಾಂಡ್ ಲಾಗ್‌ನಲ್ಲಿ ಬರೆದೂ ಇಡುತ್ತೆ. ಆದರೆ ಈ ಲಾಗ್ ಇರೋದು ಕಾರ್ಡಿನಲ್ಲಲ್ಲ, ರ‍್ಯಾಮ್‌ನಲ್ಲಿ. ಪೈ ಆಫ್ ಮಾಡಿದರೆ ಮಾಯ, ಇನ್ನೊಂದು ಗೇಮ್ ಒತ್ತಿದರೂ ಹಳೆಯದು ಅಳಿಸಿಹೋಗುತ್ತೆ. ಹಾಗಾಗಿ ಗೇಮ್ ಕೈಕೊಟ್ಟ ತಕ್ಷಣ ಕೀಬೋರ್ಡಿನಲ್ಲಿ ಎಫ್4 ಒತ್ತಿ ಟರ್ಮಿನಲ್‌ಗೆ ಬನ್ನಿ, ಇಲ್ಲವೇ ಫೋನಿನಿಂದಲೇ ಎಸ್‌ಎಸ್‌ಎಚ್ ಮೂಲಕ ಒಳಹೋಗಿ ಓದಿ. ಬಯಾಸ್ ಫೈಲ್ ಇಲ್ಲ ಎನ್ನುವಂಥ ಸಂಗತಿ ಅಲ್ಲೇ ಗೊತ್ತಾಗಿಬಿಡಬಹುದು.

ನಾವೇ ಬರೆದು ಸೇರಿಸಿದ ಸಾಲುಗಳದ್ದು ಬೇರೆ ಕಥೆ. ಗೇಮ್‌ಗೆ ಮೊದಲು ಓಡುವ 'ಆನ್‌ಸ್ಟಾರ್ಟ್', ಮುಗಿದ ಮೇಲೆ ಓಡುವ 'ಆನ್‌ಎಂಡ್', ಪೈ ಬೂಟ್ ಆದಾಗ ಓಡುವ 'ಆಟೋಸ್ಟಾರ್ಟ್', ಈ ಮೂರರಲ್ಲಿ ಎಲ್ಲರೂ ಕೈಯಾಡಿಸುವುದು ಕೊನೆಯದರಲ್ಲಿ. ಮೆನು ಬರುವಾಗ ಹಿನ್ನೆಲೆಯಲ್ಲಿ ಹಾಡು ಬೇಕು ಅಂತ ಪ್ಲೇಯರ್ ಕಮಾಂಡ್ ಸೇರಿಸ್ತಾರೆ. ಎಮ್ಯುಲೇಶನ್‌ಸ್ಟೇಷನ್ ಎಂಬ ಸಾಲಿನ ಮೇಲೆ ಬರೆದರೆ ಹಾಡು ಬರುತ್ತೆ, ಮೆನು ಬರಲ್ಲ. ಕೆಳಗೆ ಬರೆದರೆ ಮೆನು ಬರುತ್ತೆ, ಹಾಡಿಲ್ಲ! ಕಾರಣ ಸರಳ. ಒಂದು ಸಾಲು ಮುಗಿಯದೆ ಸ್ಕ್ರಿಪ್ಟ್ ಮುಂದಿನ ಸಾಲಿಗೆ ಹೋಗೋದಿಲ್ಲ. ಹಾಡಿನ ಸಾಲನ್ನು ಮೇಲಿಟ್ಟು, ಕೊನೆಗೆ '&' ಚಿಹ್ನೆ ಹಾಕಿ. ಅದು ತನ್ನ ಪಾಡಿಗೆ ಹಾಡಿಕೊಂಡಿರುತ್ತೆ, ಸ್ಕ್ರಿಪ್ಟ್ ಮುಂದೆ ಸಾಗುತ್ತೆ. ಆನ್‌ಸ್ಟಾರ್ಟ್‌ಗೂ ಇದೇ ನಿಯಮ. ಅಲ್ಲಿ ಮುಗಿಯದ ಕಮಾಂಡ್ ಇದ್ದರೆ ಗೇಮ್ ಕಾಯ್ತಾನೇ ಇರುತ್ತೆ.

ತಲೆ ಕೆಡಿಸುವ ಇನ್ನೊಂದು ದೋಷ ಕಣ್ಣಿಗೇ ಕಾಣಲ್ಲ. ಆಫೀಸ್ ಲ್ಯಾಪ್‌ಟಾಪಿನ ನೋಟ್‌ಪ್ಯಾಡಿನಲ್ಲಿ ಸ್ಕ್ರಿಪ್ಟ್ ಬರೆದು ಪೈಗೆ ಹಾಕ್ತೀರಿ. 'ಫೈಲ್ ಸಿಗ್ತಿಲ್ಲ' ಅನ್ನುತ್ತೆ, ನೋಡಿದರೆ ಫೈಲ್ ಕಣ್ಣೆದುರೇ ಇದೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಅಕ್ಷರ ಇಡುತ್ತೆ, ಲಿನಕ್ಸ್‌ಗೆ ಒಂದೇ ಸಾಕು. ಆ ಹೆಚ್ಚುವರಿ ಅಕ್ಷರ ಫೈಲ್ ಹೆಸರಿನ ಬಾಲಕ್ಕೆ ಅಂಟಿಕೊಂಡು, ಬೇರೆಯೇ ಹೆಸರಾಗಿಬಿಡುತ್ತೆ. ಡಾಸ್‌2ಯುನಿಕ್ಸ್ ಎಂಬ ಪುಟ್ಟ ಟೂಲ್ ಹಾಕಿಕೊಂಡು ಒಮ್ಮೆ ಓಡಿಸಿ, ಮುಗೀತು. ಪೈನಲ್ಲಿರುವ ನ್ಯಾನೋ ಎಡಿಟರಿನಲ್ಲೇ ಬರೆದರೆ ಈ ರಗಳೆಯೇ ಇಲ್ಲ.

ಗೇಮ್ ಹೆಸರಿನಲ್ಲಿ ಸ್ಪೇಸ್ ಇದ್ದರೂ ಎಡವಟ್ಟು. ರನ್‌ಕಮಾಂಡ್ ಆನ್‌ಸ್ಟಾರ್ಟ್‌ಗೆ ಸಿಸ್ಟಮ್, ಎಮ್ಯುಲೇಟರ್, ಗೇಮ್ ಫೈಲ್, ಪೂರ್ತಿ ಕಮಾಂಡ್ ಎಂಬ ನಾಲ್ಕು ಮಾಹಿತಿ ಕೊಡುತ್ತೆ. ಮೂರನೆಯದನ್ನು ಬಳಸುವಾಗ ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಎರಡು ಪದದ ಹೆಸರು ಎರಡು ಫೈಲಾಗಿ ಒಡೆಯುತ್ತೆ.

ತಪ್ಪು ಯಾರದು ಅಂತ ಬೇಗ ತಿಳಿಯಬೇಕಾ? ಆನ್‌ಸ್ಟಾರ್ಟ್ ಫೈಲಿನ ಹೆಸರು ಬದಲಿಸಿ ಗೇಮ್ ಒತ್ತಿ ನೋಡಿ. ಓಡಿತಾ, ದೋಷ ನಿಮ್ಮ ಸಾಲುಗಳಲ್ಲೇ ಇದೆ. ಇನ್ನು ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣ್ತಿದ್ದರೆ ಸ್ಕ್ರಿಪ್ಟಿನ ಗೊಡವೆ ಸದ್ಯಕ್ಕೆ ಬಿಡಿ. ಪೈಗೆ ಕರೆಂಟ್ ಸಾಲ್ತಿಲ್ಲ. ಹಳೇ ಫೋನ್ ಚಾರ್ಜರ್ ಕಿತ್ತಿಟ್ಟು, ಪೈ 4 ಆದರೆ 5.1 ವೋಲ್ಟ್, 3 ಆ್ಯಂಪಿಯರ್ ಅಡಾಪ್ಟರ್ ಹಾಕಿ ಮತ್ತೊಮ್ಮೆ ಆನ್ ಮಾಡಿ.